ಕಾಲು ಸುತ್ತಿನ ಸ್ಟೇರಿಂಗು

ಮೊಮ್ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ ಬೆಳಿಗ್ಗೆ ದರ್ಜಿಯ ಹೆಂಡತಿ ಕಾಫಿ ಲೋಟ ಮುಂದಿಡುತ್ತ ಒಂದೇ ಒಂದು ಮಾತು ಹೇಳಿದಳು. ಆ ಮಾತಿನ ಹೊಡೆತಕ್ಕೆ ಮೂರು ಬೀದಿಯಾಚೆ ಮಲಗಿದ್ದ ನಾಯಿ ಎದ್ದು ಕೂತಿತು. ನಂಬದವರು ನಾಯಿಯನ್ನೇ ಕೇಳಿ ನೋಡಲಿ.

"ರೀ, ಮಗೂನ ನಿಮ್ಮ ಕಾರಲ್ಲಿ ಕೂರಿಸಲ್ಲ. ಬೀಗರ ಹೊಸ ಕಾರಲ್ಲಿ ಬರ್ತೀವಿ. ಫೋನ್ ಮಾಡಿ ಹೇಳಾಯ್ತು."

ದರ್ಜಿ ಎತ್ತಿದ ಲೋಟವನ್ನು ಹಾಗೇ ಕೆಳಗಿಟ್ಟ. ಮಗಳನ್ನು ಮೊದಲ ದಿನ ಶಾಲೆಗೆ ಬಿಟ್ಟದ್ದು ಆ ಕಾರಿನಲ್ಲಿ, ಗಂಡನ ಮನೆಗೆ ಬಿಟ್ಟದ್ದೂ ಅದರಲ್ಲೇ. ಈಗ ಮೊಮ್ಮಗಳನ್ನು ಬೀಗರು ತಂದುಬಿಟ್ಟರೆ ಮುಗಿಯಿತು. 'ಕೂಸನ್ನ ಮನೆಗೆ ತಂದೋನು ನಾನು' ಎಂದು ಆ ಮನುಷ್ಯ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ, ಕೂಸು ಮುದುಕಿಯಾದ ಮೇಲೂ ಹೇಳುತ್ತಾರೆ.

"ಸಂಜೆಯೊಳಗೆ ಸರಿ ಮಾಡಿಸಿದ್ರೆ?"

"ಮಾಡಿಸಿದ್ರೆ ನೋಡೋಣ. ಆದ್ರೆ ಮಗು ಖರ್ಚಿಗೆ ಅಂತ ಎತ್ತಿಟ್ಟಿರೋದನ್ನ ಮುಟ್ಟೋ ಹಾಗಿಲ್ಲ," ಎಂದು ಹೇಳಿ ಅವಳು ಚೀಲ ಹೆಗಲಿಗೇರಿಸಿ ಆಸ್ಪತ್ರೆಗೆ ಹೊರಟುಬಿಟ್ಟಳು.

ಅವಳದೇನೂ ತಪ್ಪಿಲ್ಲ. ಆ ಕಾರಿನ ಸ್ಟೇರಿಂಗನ್ನು ಕಾಲು ಸುತ್ತು ತಿರುಗಿಸಿದರೂ ಗಾಲಿಗಳಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಔಷಧಿ ಅಂಗಡಿಯ ಹತ್ತಿರ ತಿರುಗಬೇಕಾದರೆ ಮೂರು ಮನೆ ಹಿಂದಿನಿಂದಲೇ ತಿರುಗಿಸಲು ಶುರುಮಾಡಬೇಕು. ಇನ್ನು ಕುಲುಕಾಟವೋ, ಗುಂಡಿಯೊಂದಕ್ಕೆ ಇಳಿದರೆ ಮುಂದಿನ ಬೀದಿ ಮುಗಿಯುವವರೆಗೂ ಕಾರು ತಲೆದೂಗುತ್ತಿತ್ತು, ಹೆಂಡತಿಯೆದುರು ದರ್ಜಿ ತಲೆದೂಗುವ ಹಾಗೆ. ಇಂಥದ್ದನ್ನು ಇಷ್ಟು ವರ್ಷ ಗೀರು ಬೀಳದಂತೆ ಓಡಿಸಿದ್ದ ಅವನು. ನನ್ನ ಮಾತು ಕೇಳಿ, ಭೂಮಂಡಲದಲ್ಲೇ ಅಂಥ ಇನ್ನೊಬ್ಬ ಚಾಲಕನಿರಲಿಲ್ಲ.

ದರ್ಜಿ ಬಾನೆಟ್ ಎತ್ತಿದ್ದೇ ತಡ, ಬೆಲ್ಲಕ್ಕೆ ಇರುವೆ ಬಂದಂತೆ ಅಕ್ಕಪಕ್ಕದವರು ಬಂದರು. ಮೊದಲು ಪಕ್ಕದ ಮನೆಯ ಹಲ್ಲಿನ ಡಾಕ್ಟರು. ಮುಂದಿನ ಗಾಲಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, "ಬುಡ ಸಡಿಲ ಆಗಿದೆ. ಕಿತ್ತುಬಿಡೋದೇ ಒಳ್ಳೇದು," ಎಂದರು.

"ಕಿತ್ತರೆ ಕಾರು ಓಡೋದು ಹೇಗೆ ಡಾಕ್ಟ್ರೇ?"

"ಉಳಿದ ಮೂರರ ಮೇಲೆ ಭಾರ ಹಾಕಿ ಕಟ್ಟಬಹುದು."

ಅಷ್ಟರಲ್ಲಿ ಎದುರುಮನೆಯ ನಿವೃತ್ತ ರೈಲು ಚಾಲಕರು ಕೈಯಲ್ಲಿ ತೋಳುದ್ದದ ಪಾನಾ ಹಿಡಿದು ಬಂದರು. "ಎಲ್ಲರೂ ಆಚೆ ಸರೀರಿ. ನನ್ನ ಸರ್ವೀಸಿನಲ್ಲಿ ಒಂದು ದಿನಾನೂ ಸ್ಟೇರಿಂಗ್ ತೊಂದರೆ ಕೊಟ್ಟಿಲ್ಲ."

"ರೈಲಿಗೆ ಸ್ಟೇರಿಂಗೇ ಇರಲ್ವಲ್ಲ ಸಾಹೇಬ್ರೇ," ಎಂದರು ಡಾಕ್ಟರು.

"ಅದಕ್ಕೇ ತೊಂದರೆ ಕೊಟ್ಟಿಲ್ಲ."

ಸಾಹೇಬರು ಸ್ಟೇರಿಂಗ್ ಪೆಟ್ಟಿಗೆಯ ಮೇಲಿದ್ದ ಸ್ಕ್ರೂ ಹುಡುಕಿ, ಅದು ಅಯ್ಯೋ ಅನ್ನುವವರೆಗೂ ಬಿಗಿದರು. "ಖರ್ಚಿಲ್ಲದೆ ಕೆಲಸ ಆಯ್ತು. ಹತ್ತಿ, ಒಂದು ಸುತ್ತು ನೋಡೇಬಿಡೋಣ."

ಸಡಿಲವೇನೋ ಹೋಗಿತ್ತು. ಅದರ ಜೊತೆಗೆ ತಿರುಗುವುದೂ ಹೋಗಿತ್ತು. ಬೀದಿಯ ಕೊನೆಯಲ್ಲಿ ರಸ್ತೆ ಎಡಕ್ಕೆ ತಿರುಗಿತು, ಕಾರು ತಿರುಗಲಿಲ್ಲ. ದರ್ಜಿ ಸ್ಟೇರಿಂಗಿಗೆ ಜೋತುಬಿದ್ದ, ಎರಡೂ ಕಾಲಲ್ಲಿ ಬ್ರೇಕ್ ತುಳಿದ. ಕಾರು ಲಾಂಡ್ರಿಯವನ ಹಗ್ಗದ ಮೇಲಿನ ಬಟ್ಟೆಯನ್ನೆಲ್ಲ ಹೊದ್ದುಕೊಂಡು, ನೆಟ್ಟಗೆ ಎದುರಿನ ಗುಜರಿ ಗ್ಯಾರೇಜಿನ ಅಂಗಳಕ್ಕೆ ನುಗ್ಗಿ ನಿಂತಿತು. ಪಕ್ಕದಲ್ಲಿ ಕೂತಿದ್ದ ಸಾಹೇಬರು ಮಾತ್ರ ಬಹಳ ದಿನಗಳ ಮೇಲೆ ತೃಪ್ತಿಯಿಂದ, "ಈಗ ನೋಡಿ, ಹಳಿ ಮೇಲೆ ಹೋದ ಹಾಗೆ ಹೋಯ್ತು," ಎಂದರು.

ಗ್ಯಾರೇಜಿನ ಯಜಮಾನಿ, ಊರಿಗೆಲ್ಲ ಗುಜರಿಯಕ್ಕ, ಕಿಟಕಿಯ ಮೇಲಿದ್ದ ಲುಂಗಿ ಸರಿಸಿ ಒಳಗೆ ಇಣುಕಿದಳು. "ಏನಣ್ಣ, ತೂಕಕ್ಕಾ, ರಿಪೇರಿಗಾ?"

"ರಿಪೇರಿಗೆ ಕಣಮ್ಮ. ಸಂಜೆ ಮೊಮ್ಮಗೂನ ಕರ್ಕೊಂಡು ಬರಬೇಕು. ಕಡಿಮೇಲಿ ಆಗಬೇಕು."

"ಕಡಿಮೆ ಅಂದ್ರೆ?"

"ನಿಮ್ಮ ಗ್ಯಾರೇಜಿನೋರಿಗೆಲ್ಲ ಕೆಲಸದ ಬಟ್ಟೆ ಹೊಲಿದುಕೊಡ್ತೀನಿ. ಹರಿಯಲ್ಲ, ನನ್ನಾಣೆ."

ಗುಜರಿಯಕ್ಕ ಮೊಣಕೈಯಲ್ಲಿ ಹರಿದಿದ್ದ ತನ್ನ ಅಂಗಿ ನೋಡಿಕೊಂಡಳು, ವ್ಯಾಪಾರ ಕುದುರಿತು. ಅವಳು ಕಾರಿನಡಿಗೆ ಜಾರಿ, "ಸ್ಟೇರಿಂಗನ್ನ ಆ ಕಡೆ ಈ ಕಡೆ ಆಡಿಸ್ತಾ ಇರಣ್ಣ," ಎಂದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ದನಿ ಬಂತು. "ಗಾಲಿ ಹತ್ತಿರದ ಕೀಲು ಎರಡೂ ಸವೆದು ಗಿಲಕಿ ಆಗಿವೆ. ರಬ್ಬರಿನ ಬುಶ್ಶುಗಳು ಪುಡಿಪುಡಿ. ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಪಾಪ, ಅದರ ಕತ್ತು ಹಿಸುಕಿದ ಪುಣ್ಯಾತ್ಮ ಯಾರು?"

ಸಾಹೇಬರು ಆಕಾಶದಲ್ಲಿ ಹೋಗುತ್ತಿದ್ದ ಕಾಗೆಯನ್ನು ಗಮನವಿಟ್ಟು ನೋಡತೊಡಗಿದರು.

"ಮಗು ಕೂರುತ್ತೆ ಅಂತೀಯಲ್ಲ, ಕೀಲು, ಬುಶ್ಶು ಹೊಸದೇ ಹಾಕ್ತೀನಿ. ಕುಲುಕಾಟ ತಡೆಯೋ ಶಾಕು ಮಾತ್ರ ಅಲ್ಲಿರೋ ಕಾರಿಂದ ಬಿಚ್ಚಿಕೊಡ್ತೀನಿ." ಮೂಲೆಯಲ್ಲಿ ಅದೇ ಜಾತಿಯ ಕಾರೊಂದು ಹಿಂಭಾಗ ಜಜ್ಜಿಕೊಂಡು ಬಿದ್ದಿತ್ತು, ಮುಂಭಾಗ ಮದುಮಗನ ಹಾಗಿತ್ತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಕೆಲಸ ಮುಗಿಯಿತು. ಸಾಹೇಬರು ಬಿಗಿದ ಸ್ಕ್ರೂ ಸಡಿಲಿಸಿ, ಗಾಲಿಗಳನ್ನು ನೇರಮಾಡಿ, ಗುಜರಿಯಕ್ಕ ತಾನೇ ಒಂದು ಸುತ್ತು ಹೊಡೆದುಬಂದಳು. ಗುಂಡಿಗೆ ಇಳಿದರೆ ಒಂದೇ ಸಲ ತಗ್ಗಿ ಎದ್ದು ಸುಮ್ಮನಾಗುತ್ತಿತ್ತು. ಕಿರುಬೆರಳು ಆಡಿಸಿದರೆ ಸಾಕು, ಗಾಲಿಗಳು ಮಾತು ಕೇಳುತ್ತಿದ್ದವು.

ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ದರ್ಜಿ ಎದೆಯುಬ್ಬಿಸಿ ಆಸ್ಪತ್ರೆಗೆ ಹೊರಟ. ಆ ಉಬ್ಬಿಗೆ ಅಂಗಿಯ ಬಟನ್ನೊಂದು ಹಾರಿಹೋಯಿತು. ಔಷಧಿ ಅಂಗಡಿ ದೂರದಲ್ಲಿ ಕಂಡಿತು. ಮೂರು ಮನೆ ಮೊದಲೇ, ಎಂದಿನ ಗಾಂಭೀರ್ಯದಿಂದ, ಅವನು ಸ್ಟೇರಿಂಗನ್ನು ಕಾಲು ಸುತ್ತು ತಿರುಗಿಸಿದ.

ಕಾರು ತಕ್ಷಣ ತಿರುಗಿತು. ಅಲ್ಲಿ ರಸ್ತೆಯಿರಲಿಲ್ಲ, ಹಲ್ಲಿನ ಡಾಕ್ಟರ ಕ್ಲಿನಿಕ್ ಇತ್ತು. ಬಂಪರು ಮೆಟ್ಟಿಲಿಗೆ ಮುತ್ತಿಟ್ಟಿತು. ಬಾಯಿ ತೆರೆದು ಕೂತಿದ್ದ ರೋಗಿಯೊಬ್ಬ ಹಾಗೇ ಬಾಯಿ ತೆರೆದುಕೊಂಡೇ ಹಿಂಬಾಗಿಲಿನಿಂದ ಓಡಿದ.

"ನನಗೆ ನಡಿಗೆ ಒಳ್ಳೇದು ಅಂತ ವೈದ್ಯರು ಹೇಳಿದಾರೆ," ಎಂದು ಸಾಹೇಬರು ಅಲ್ಲೇ ಇಳಿದುಬಿಟ್ಟರು.

ನೇರ ರಸ್ತೆಯೂ ದರ್ಜಿಗೆ ಒಲಿಯಲಿಲ್ಲ. ಇಷ್ಟು ವರ್ಷ ಕಾರನ್ನು ನೇರ ಇಡಲು ಕೈಗಳು ಅತ್ತಿತ್ತ ಕಡೆಗೋಲಿನಂತೆ ಆಡುತ್ತಲೇ ಇದ್ದವು. ಈಗಲೂ ಆಡಿದವು. ವ್ಯತ್ಯಾಸವೆಂದರೆ, ಈಗ ಕಾರೂ ಆಡಿತು. ಆಸ್ಪತ್ರೆಯ ಅಂಗಳಕ್ಕೆ ಅದು ಬಂದ ಬಗೆ ಕಂಡು ಹೂಕುಂಡಗಳೇ ಒಂದಿಷ್ಟು ಹಿಂದೆ ಸರಿದವು.

ಮೆಟ್ಟಿಲ ಮೇಲೆ ಹೆಂಡತಿ, ಕೂಸನ್ನೆತ್ತಿಕೊಂಡ ಮಗಳು, ಬೀಗರು, ಬೀಗಿತ್ತಿ ಎಲ್ಲರೂ ನಿಂತಿದ್ದರು.

"ಸರಿಯಾಯ್ತು ಕಣೇ," ಎಂದ ದರ್ಜಿ.

"ಸರಿಯಾಗಿರೋದು ಹಾವಿನ ಥರ ಬರುತ್ತಾ?"

"ಕಾರಿಗೇನೂ ಆಗಿಲ್ಲ ಅಂತೀನಿ."

"ಇಳೀರಿ ಬೀಗರೇ, ನೋಡೇಬಿಡೋಣ," ಎಂದು ಬೀಗರು ಕೂತರು. ಅಂಗಳದಲ್ಲಿ ಒಂದು ಸುತ್ತು. ಬೆಣ್ಣೆಯಲ್ಲಿ ಕೂದಲೆಳೆದಂತೆ ಕಾರು ಹೋಗಿ ಬಂತು. ವೇಗತಡೆಯ ಉಬ್ಬಿನ ಮೇಲೆ ಹಾಯಿಸಿದರು, ಅದಕ್ಕೂ ಕಾರು ಕುಲುಕಲಿಲ್ಲ. ಇಳಿದು ಬಂದವರ ಮುಖದಲ್ಲಿ ಭಕ್ತಿಯಿತ್ತು.

"ಬೀಗಿತ್ತಿಯೋರೇ," ಎಂದರು ದರ್ಜಿಯ ಹೆಂಡತಿಗೆ, "ನಿಮ್ಮ ಯಜಮಾನ್ರು ನಿಜಾನೇ ಹೇಳಿದ್ದು. ನನ್ನ ಹೊಸ ಕಾರಿಗೂ ಈ ಹದ ಇಲ್ಲ. ಮಗೂಗೆ ಇದೇ ಸರಿ. ಹತ್ತಿ ಎಲ್ಲರೂ, ನಾನೇ ಓಡಿಸ್ತೀನಿ."

"ಅಪ್ಪಾ, ನಮ್ಮ ಕಾರು ಎಷ್ಟು ಚೆನ್ನಾಗಾಗಿದೆ," ಎನ್ನುತ್ತ ಮಗಳು ಹಿಂದೆ ಕೂತಳು. ಅವಳ ಪಕ್ಕ ಹೆಂಡತಿ, ಹೆಂಡತಿಯ ಪಕ್ಕ ಕೂಸಿಗಿಂತ ಮೂರು ಪಾಲು ದೊಡ್ಡದಾದ ಕೂಸಿನ ಗಂಟು. ಮುಂದೆ ಬೀಗಿತ್ತಿ. ದರ್ಜಿ ಒಂದೊಂದೇ ಬಾಗಿಲಲ್ಲಿ ಇಣುಕಿ ಕಾರನ್ನು ಪ್ರದಕ್ಷಿಣೆ ಹಾಕಿದ. ಎಲ್ಲೂ ಜಾಗವಿರಲಿಲ್ಲ.

"ಬೀಗರೇ, ನನ್ನ ಕಾರಿನ ಕೀಲಿ ಹಿಡ್ಕೊಳ್ಳಿ," ಎಂದು ಬೀಗರು ಕಿಟಕಿಯಿಂದ ಕೈ ಚಾಚಿದರು. " ನಿಮ್ಮ ಅಳಿಯ ಬಂದು ಕಾರು ತಗೊಂಡು ಹೋಗ್ತಾನೆ, ಅವನ ಜೊತೆ ಬನ್ನಿ. ಅಲ್ಲೀತನಕ ಸ್ವಲ್ಪ ನೋಡ್ಕೊಂಡಿರಿ. ನೋಡ್ಕೊಂಡಿರಿ ಅಷ್ಟೇ, ಕೂರೋಕೆ ಹೋಗಬೇಡಿ."

ಕಾರು ಗೇಟು ದಾಟಿತು. ಧೂಳು ಕೂಡ ಏಳಲಿಲ್ಲ, ಅಷ್ಟು ನಯವಾಗಿ ಹೋಯಿತು.

ಕಾವಲುಗಾರ ಲಾಠಿ ಕುಟ್ಟುತ್ತ ಬಂದ. "ಡ್ರೈವರೇ, ಈ ಹೊಸ ಕಾರು ದಾರಿಗಡ್ಡ ನಿಂತಿದೆ. ಆಂಬುಲೆನ್ಸ್ ಬರುತ್ತೆ, ಪಕ್ಕಕ್ಕೆ ಹಾಕಿ."

ದರ್ಜಿ ಬೆನ್ನು ನೆಟ್ಟಗೆ ಮಾಡಿ, ಕೀಲಿಯನ್ನು ಅವನ ಕೈಗಿಟ್ಟ.

"ನೀನೇ ಹಾಕಪ್ಪ. ಡ್ರೈವರ್ ಆದವನಿಗೆ ಕಾರು ಓಡಿಸೋಕೆ ಬರಬೇಕು. ನಾನು ಮಗುವಿನ ತಾತ."