ಫುರ್ಮಿಂಟ್ ಮುಟ್ಟದ ಕಾಗೆರಾಯರಿಗೆ

ಪವನಾ ನದಿಯ ಘಾಟಿನ ಅರಳಿಮರದಲ್ಲಿ ನೆಲೆಸಿ, ಪಿತೃಲೋಕದ ಆಗುಹೋಗುಗಳನ್ನು ನೋಡಿಕೊಳ್ಳುವ ಮಾನ್ಯರೇ,

ಪುಣೆ ಹತ್ತಿರದ ನಿಗಡಿಯ ಗೋದಾ ಮಾಡುವ ಅನೇಕ ನಮಸ್ಕಾರಗಳು. ತಾವೂ ತಮ್ಮ ಬಳಗವೂ ಊರಿನವರೆಲ್ಲರ ಪಿಂಡಗಳಿಂದ ಪುಷ್ಟರಾಗಿದ್ದೀರೆಂದು ನಂಬಿದ್ದೇನೆ. ಅಂಚೆಯವರು ಮರ ಹತ್ತಲು ಒಪ್ಪದ ಕಾರಣ ಇದನ್ನು ಬಹಿರಂಗವಾಗಿ ಬರೆಯಬೇಕಾಗಿದೆ.

ಹೋದ ವರ್ಷ ನನ್ನ ಯಜಮಾನರು ಅಂಬಾದಾಸರಾಯರ ಹತ್ತನೆಯ ದಿನದಂದು ತಾವು ತೋರಿದ ಗಾಂಭೀರ್ಯವನ್ನು ಮರೆಯಲಾರೆ. ಸತ್ತವರ ಆಸೆ ಉಳಿದಿದ್ದರೆ ಕಾಗೆ ಪಿಂಡ ಮುಟ್ಟುವುದಿಲ್ಲವೆಂಬ ನಿಯಮವನ್ನು ತಾವು ಹಿರಿಯ ಗುಮಾಸ್ತರಂತೆ ಪಾಲಿಸಿದಿರಿ. ಅವರ ಚಿಕ್ಕಪ್ಪ, ನನ್ನ ಸಣ್ಣ ಮಾವನವರಾದ ಬಿಂದುಮಾಧವರಾಯರು ಕಾಶಿಯಾತ್ರೆ, ಗೋದಾನ, ಕಡೆಗೆ ಮಗಳ ಮದುವೆಗೂ ಮಾತು ಕೊಟ್ಟರು. ನಮಗೆ ಮಗಳಿಲ್ಲವೆಂಬುದು ಆ ಗಡಿಬಿಡಿಯಲ್ಲಿ ಅವರಿಗೆ ಮರೆತಿತ್ತು. ತಾವು ಕತ್ತು ಸಹ ಹೊರಳಿಸಲಿಲ್ಲ. ಭಟ್ಟರು ಬೇಸತ್ತು, ದರ್ಭೆಯ ಕಾಗೆ ಹೆಣೆದು, ಕಾಗೆರಾಯರೇ, ತಮ್ಮ ಜಾಗಕ್ಕೇ ಬದಲಿ ನೌಕರನನ್ನು ನೇಮಿಸಲು ಹೊರಟರು. ಆಗ ನಾನು ಹಿಂದೆ ನಿಂತು ಮೆಲ್ಲಗೆ ಹೇಳಿದೆ: “ಹಂಗೇರಿಯ ಆ ವೈನ್ ವರ್ಷಾಂತಿಕದೊಳಗ ತಂದ ಇಡ್ತೇನ್ರಿ. ಬರ್ರಿ ಇನ್ನ.”

ತಾವು ಇಳಿದಿರಿ. ಮಡಿಯಲ್ಲಿದ್ದ ಮಾವನವರ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಪಿಂಪ್ರಿಯ ಕಾರ್ಖಾನೆಯವರು ಹೊಸ ಯಂತ್ರ ಕಲಿಯಲೆಂದು ನಮ್ಮ ಯಜಮಾನರನ್ನು ಹಂಗೇರಿಗೆ ಕಳಿಸಿದ್ದರು. ಬೀಳ್ಕೊಡುವ ಊಟದಲ್ಲಿ ಫುರ್ಮಿಂಟ್ ಎಂಬ ದ್ರಾಕ್ಷಿಯ ವೈನನ್ನು ಒಂದೇ ಲೋಟ ಕುಡಿದು ಬಂದರು. ಆಮೇಲೆ ಬದುಕಿರುವವರೆಗೂ ಅದರ ಮಾತು: ಮೊದಲು ಹುಣಸೆ, ಆಮೇಲೆ ಜೇನು, ಕಡೆಗೆ ಒಲೆಯ ಹೊಗೆ. ಅಂಥದ್ದೊಂದು ಇರಲಾರದೆಂದೇ ನಾನು ತಿಳಿದಿದ್ದೆ.

ತಮ್ಮ ಅಭಿರುಚಿಗೆ ಶರಣು. ಪುಣೆಯ ವೈನ್ ಅಂಗಡಿಯವರು ಕೆಂಪು, ಬಿಳಿ ಎಂಬ ಎರಡೇ ಜಾತಿ ಬಲ್ಲರು; ಒಂಬತ್ತುಗಜದ ಸೀರೆ ನೋಡಿ ಒಬ್ಬನು “ಮಾವಶಿ, ಔಷಧಿ ಅಂಗಡಿ ಪಕ್ಕದಾಗ ಅದ” ಎಂದು ದಾರಿ ತೋರಿಸಿದ. ಕಡೆಗೆ ಹೋಟೆಲಿನಲ್ಲಿ ಕೆಲಸ ಮಾಡುವ ನೆರೆಮನೆಯ ಮಾಧುರಿ, ಹೆಸರೇ ಕೇಳದ ದ್ರಾಕ್ಷಿಗಳ ವೈನ್ ರುಚಿ ನೋಡುವ ಸಭೆಗೆ ನನ್ನನ್ನು ಕರೆದೊಯ್ದಳು. ಗ್ರೀಸಿನ ಅಸಿರ್ತಿಕೊ ಸಮುದ್ರದ ಉಪ್ಪಿನಂತಿತ್ತು. ಆಸ್ಟ್ರಿಯದ ಬ್ಲೌಫ್ರಾಂಕಿಶ್ ಮೆಣಸು ಹಾಕಿದ ನೇರಳೆಹಣ್ಣು. ಎಲ್ಲರೂ ಮೂಸಿ, ಮುಕ್ಕಳಿಸಿ, ಬಹಳ ವಿದ್ಯಾವಂತರಾಗಿ ಬಕೆಟ್ಟಿಗೆ ಉಗುಳುತ್ತಿದ್ದರು. ಫುರ್ಮಿಂಟ್ ಬಂದಾಗ ನನಗೂ ಉಗುಳಲು ಹೇಳಿದರು. ಸತ್ತವರ ಹೆಸರಿನಲ್ಲಿ ಹುಡುಕಿದ್ದನ್ನು ಉಗುಳುವುದು ಹೇಗೆ? ನುಂಗಿದೆ.

ಹುಣಸೆ. ಜೇನು. ಹೊಗೆ. ಇವರು ಸುಳ್ಳಾಡಿರಲಿಲ್ಲ. “ಹೌದ್ರಿ” ಎಂದು ಇವರಿಗೆ ಹೇಳಲು ಪಕ್ಕಕ್ಕೆ ತಿರುಗಿದೆ, ಅಲ್ಲಿ ಬಕೆಟ್ಟು ಇತ್ತು.

ಸಭೆಯವರನ್ನು ಬೇಡಿ ತಂದ ಸೀಸೆಯನ್ನು ಮೊನ್ನೆ ವರ್ಷಾಂತಿಕದಂದು ಬೆಳ್ಳಿ ಬಟ್ಟಲಿಗೆ ಬಗ್ಗಿಸಿ ಮಾಳಿಗೆಯ ಮೇಲಿಟ್ಟೆ. ದಯಮಾಡಿಸಿದವರು ತಾವೋ, ತಮ್ಮ ಪ್ರತಿನಿಧಿಯೋ ಅರಿಯೆ. ಬಟ್ಟಲನ್ನು ಒಂದೇ ಕಣ್ಣಿನಿಂದ ನೋಡಿ, ಪಕ್ಕದ ಎಲೆಯಲ್ಲಿದ್ದ ವಡೆ ಕಚ್ಚಿಕೊಂಡು ಹಾರಿದಿರಿ. ಇಷ್ಟು ತಿರುಗಾಡಿಸಿದ ಮೇಲೆ ಇದು ನ್ಯಾಯವೇ? ತಂಪು ಸಾಲದಾಗಿತ್ತೇ? ಅವರಿಗೆ ಮುಟ್ಟಿತೋ ಇಲ್ಲವೋ ಎಂಬುದನ್ನು ದಯವಿಟ್ಟು ರುಜು ಮಾಡಿ ತಿಳಿಸಬೇಕು. ಅದಾಗದಿದ್ದರೆ ಇನ್ನೊಂದು ಸಣ್ಣ ಕೆಲಸ: ಅತ್ತ ಹೋದಾಗ, ಗೋದಾ ಕುಡಿದಳು, “ಹೌದ್ರಿ” ಅಂದಳು ಎಂದಷ್ಟೇ ಅವರಿಗೆ ಹೇಳಿಬಿಡಿ.

ತಮ್ಮ ವಿಶ್ವಾಸಿ,
ಗೋದಾ ಅಂಬಾದಾಸ

ತಾ.ಕ.: ಬಟ್ಟಲಿನದನ್ನು ಚೆಲ್ಲಲಾಗದೆ ನಾನೇ ಮುಗಿಸಿದೆ. ಸೀಸೆಯಲ್ಲಿ ಉಳಿದದ್ದು ಕೆಡುತ್ತದೆಯೇ ಎಂದು ಬಿಂದುಮಾಧವರಾಯರು ಎರಡು ಸಲ ಬಂದು ವಿಚಾರಿಸಿದ್ದಾರೆ. ಅವರ ಹತ್ತನೆಯ ದಿನ ತಾವು ಹೆಚ್ಚು ಕಾಯುವ ಅಗತ್ಯವಿಲ್ಲ; ಆಸೆ ಯಾವುದೆಂದು ನನಗೆ ಈಗಲೇ ತಿಳಿದಿದೆ.