ಚಿಕ್ಕಪ್ಪನ ಬಿಪಿಗೆ ನಾವೆಲ್ಲ ಕಾರಣ

ನನ್ನ ಚಿಕ್ಕಪ್ಪನ ರಕ್ತದೊತ್ತಡ ಏರಿದ್ದು ನನ್ನಿಂದಲೇ. ಹೌದು! ಬಂಗಾರಪೇಟೆಯಿಂದ ಬಸ್ಸು ಹಿಡಿದು ಆಂಡರ್ಸನ್‌ಪೇಟೆಯ ಅವರ ಮನೆಗೆ ಹೋಗಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಹೇಗಿದ್ದೀರಿ ಚಿಕ್ಕಪ್ಪ?" ಎಂದು ಕೇಳಿದ್ದೇ ನನ್ನ ಅಪರಾಧ.

ಬೇರೆ ಮನೆಗಳಲ್ಲಿ ಬಂದವರಿಗೆ ಕಾಫಿ ಕೊಡುತ್ತಾರೆ. ಇವರು ತೋಳಿಗೆ ಬಿಪಿ ಮಿಷನ್ನಿನ ಪಟ್ಟಿ ಸುತ್ತಿಕೊಂಡು ನಮ್ಮೆದುರೇ ಕೂರುತ್ತಾರೆ. ಮಿಷನ್ನು ಕೀ ಎಂದೊಡನೆ ತೀರ್ಪು.

"ನೋಡು, ನೀನು ಬಂದೆ, ಏರ್ತು! ನರದ ಮ್ಯಾಲೆ ಕೂತ್ಕೊತೀರ ಕಣಮ್ಮ ನೀವೆಲ್ಲ."

ಎದುರು ಮನೆಯ ಕುಕ್ಕರ್ ಕೂಗಿದರೂ, ಟೀವಿಯಲ್ಲಿ ವಾರ್ತೆ ಓದುವ ಹುಡುಗಿ ನಕ್ಕರೂ ಅವರ ನರ ಬಿಗಿಯುತ್ತದೆ. ನಿರಪರಾಧಿಯೆಂದರೆ ಉಪ್ಪು ಒಂದೇ! ಚಿಕ್ಕಮ್ಮ ಸಾರಿಗೆ ಉಪ್ಪು ಕಡಿಮೆ ಮಾಡಿದಾಗಿನಿಂದ ಇವರ ಜೇಬಿನಲ್ಲೊಂದು ನಶ್ಯದ ಡಬ್ಬಿ. ಹುಟ್ಟಿದಾಗಿನಿಂದ ನಶ್ಯ ಮುಟ್ಟದ ಮನುಷ್ಯ! ಮುದ್ದೆ ಮುರಿಯುತ್ತಾ, ಚಿಕ್ಕಮ್ಮ ಅತ್ತ ತಿರುಗಿದ್ದೇ ತಡ, ಡಬ್ಬಿ ತೆರೆದು ಸಾರಿಗೆ ಒಂದು ಚಿಟಿಕೆ ಉದುರಿಸುತ್ತಾರೆ.

ಡಾಕ್ಟರು ದಿನಾ ನುಂಗಲು ಹೇಳಿದ ಬಿಪಿ ಮಾತ್ರೆಯನ್ನು ಇವರು ನೆಂಟರ ಯೋಗ್ಯತೆ ನೋಡಿ ನುಂಗುತ್ತಾರೆ. ಬೇತಮಂಗಲದ ಷಡ್ಡಕ ಬರುವ ಸುದ್ದಿ ಸಿಕ್ಕರೆ ಇಡೀ ಮಾತ್ರೆ. ನನಗೆ ಅರ್ಧ. "ನೀನು ಅಷ್ಟೇನೂ ಕೆಟ್ಟೋಳಲ್ಲ ಬುಡು" ಎಂಬ ಬಿರುದು ಬೇರೆ! ಯಾರೂ ಬರದ ದಿನ ಮಾತ್ರೆಯೂ ಇಲ್ಲ. ಮಂಡಿನೋವಿನ ಮಾತ್ರೆಗಾದರೋ ಈ ಕಟ್ಟುಪಾಡಿಲ್ಲ. ಡಾಕ್ಟರ ಚೀಟಿಯಿಲ್ಲದೆ ತಂದು, ವರ್ಷಗಟ್ಟಲೆ ಪೆಪ್ಪರಮೆಂಟಿನಂತೆ ನುಂಗಿದರು.

ಮೊನ್ನೆ ಹೋದಾಗ ಅವರ ಪಾದ ಊದಿ, ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಅಚ್ಚೊತ್ತಿತ್ತು. ಚಿಕ್ಕಮ್ಮನೂ ನಾನೂ ಆಟೋಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ರಿಪೋರ್ಟು ನೋಡಿ ತಾಳ್ಮೆಯಿಂದ ಹೇಳಿದರು: "ಕಿಡ್ನಿಗೆ ಪೆಟ್ಟು ಬಿದ್ದಿದೆ. ಉಪ್ಪು, ನೀರು ಸರಿಯಾಗಿ ಹೊರಗೆ ಹೋಗ್ತಿಲ್ಲ. ಕೆಟ್ಟ ಕಿಡ್ನಿ ನರಗಳ ಮೂಲಕ ಮೆದುಳಿಗೆ ದೂರು ಕಳಿಸುತ್ತೆ. ಮೆದುಳು ರಕ್ತನಾಳ ಬಿಗಿ ಮಾಡಿಸುತ್ತೆ. ಬಿಪಿ ಏರುತ್ತೆ, ಕಿಡ್ನಿ ಇನ್ನಷ್ಟು ಕೆಡುತ್ತೆ. ನೋವಿನ ಮಾತ್ರೆ ಬಿಟ್ಟು, ಬಿಪಿ ಮಾತ್ರೆ ದಿನಾ ತಗೊಳ್ಳದಿದ್ರೆ ಮುಂದೆ ಡಯಾಲಿಸಿಸ್ಸೇ."

ಒಬ್ಬರು ಚಾಡಿ ಹೇಳುವುದು, ಇನ್ನೊಬ್ಬರು ಬಿಗಿದುಕೊಳ್ಳುವುದು, ಕೊನೆಗೆ ಚಾಡಿ ಹೇಳಿದವರಿಗೇ ಪೆಟ್ಟು! ನಮ್ಮ ಮನೆಯ ಮದುವೆಗಳೂ ಹೀಗೇ ಅಲ್ಲವೇ ನಡೆಯುವುದು?

ಚಿಕ್ಕಪ್ಪ ಕೇಸು ಗೆದ್ದವರಂತೆ ನನ್ನತ್ತ ತಿರುಗಿದರು. "ಕೇಳಿಸ್ಕೊಂಡ್ಯಾ? ನರ ಅಂದ್ರು!"

"ಮೊದಲು ಕಿಡ್ನಿ ಅಂದ್ರು ಚಿಕ್ಕಪ್ಪ."

"ಅದು ಸುಮ್ಕೆ ಒಂದ್ ಮಾತು ಏಳ್ತಾರೆ. ಅಸಲು ನರಾನೇ."

ಚಿಕ್ಕಮ್ಮ ಮಾತ್ರೆ ತರಲು ಔಷಧಿ ಕೌಂಟರಿಗೆ ಹೋದರು. ಹೊರಗಿನ ಬೆಂಚಿನಲ್ಲಿ ನನ್ನ ತಾಳ್ಮೆ ಕೈಕೊಟ್ಟು ದನಿ ಏರಿತು. "ನರ ನರ ಅಂತ ಇನ್ನೆಷ್ಟು ಹಟ? ಕಿಡ್ನಿ ಅಂತ ಒಪ್ಪಿಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?"

ಅವರು ಕೌಂಟರಿನತ್ತ ನೋಡಿದರು. ಸಾಲಿನಲ್ಲಿ ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು.

"ಮೆಲ್ಲಗೆ ಮಾತಾಡಮ್ಮ" ಎಂದರು. "ಓದ್ಸಲ ಡಾಕ್ಟ್ರು ಕಿಡ್ನಿ ಮ್ಯಾಲೆ ಅನುಮಾನ ಅಂದಿದ್ಕೇ, 'ನಂದು ತೆಕ್ಕೊಳಿ, ಯಾವತ್ತು ಬರ್ಲಿ' ಅಂತ ಕೇಳ್ಬುಟ್ಳು ಇವ್ಳು. ನಗ್ತಾ ಕೇಳುದ್ಲು ಕಣಮ್ಮ, ಸಕ್ರೆ ಕೊಡೋಳ ತರ. ನರ ಆದ್ರೆ ಯಾರೂ ಬಿಚ್ಚಿ ಕೊಡಕಾಗಲ್ಲ, ಅಲ್ವಾ?"

ನಾನು ಬೆಂಚಿನಲ್ಲಿ ಅವರ ಪಕ್ಕಕ್ಕೆ ಸರಿದೆ. "ದಿನಾ ಮಾತ್ರೆ ತಗೊಂಡ್ರೆ ಅಲ್ಲಿವರೆಗೂ ಹೋಗದೇ ಇರಬಹುದು ಚಿಕ್ಕಪ್ಪ. ಚಿಕ್ಕಮ್ಮನದು ಚಿಕ್ಕಮ್ಮನ ಹತ್ತಿರಾನೇ ಇರುತ್ತೆ" ಎಂದೆ.

"ಅಂಗಂತೀಯಾ?"

ಚಿಕ್ಕಮ್ಮ ಔಷಧಿಯ ಕವರು ಹಿಡಿದು ಬಂದರು. ಚಿಕ್ಕಪ್ಪ ಯಾರೂ ಹೇಳದೆ ಅಂಗೈ ಚಾಚಿದರು. ಚಿಕ್ಕಮ್ಮ ಒಂದು ಕೈಯಿಂದ ಅದನ್ನು ಆನಿಸಿ ಹಿಡಿದು, ಇನ್ನೊಂದರಿಂದ ಮಾತ್ರೆ ಇಟ್ಟರು.