ಹಂದಿ ವರ್ಷದ ವರ

ಸೂಪರ್ ಮಾರ್ಕೆಟ್ಟಿನ ಫಕ್ರುದ್ದೀನನ ಅಂಗಡಿಯಲ್ಲಿ ನಗುವ ಬುದ್ಧನ ಗೊಂಬೆ ಕೊಂಡವರಿಗೆ ಚೀನಿ ಭವಿಷ್ಯದ ಪುಸ್ತಕ ಪುಕ್ಕಟೆ ಸಿಗುತ್ತಿತ್ತು. ಅದೊಂದು ಸಾವಿತ್ರಿಬಾಯಿಯ ಕೈಗೆ ಸಿಕ್ಕಿದ್ದೇ ಚಂದ್ರಶಾನಿಗೆ ಮುಳುವಾಯಿತು.

ಎರಡು ಸಾವಿರದ ಒಂದನೆಯ ಇಸವಿಯ ಮಾತು. ಮನೆ ಮನೆಯ ಬಾಗಿಲಿಗೂ ಅದೃಷ್ಟ ತರುವ ಚೀನಿ ಗಾಳಿಗಂಟೆ ಬಂದಿತ್ತು. ಕಚೇರಿಯ ಟೈಪಿಸ್ಟ್ ಸಾವಿತ್ರಿಬಾಯಿ ಪುಸ್ತಕ ಹಿಡಿದು, ವಾರದೊಳಗೆ ಎಲ್ಲರ ಹುಟ್ಟಿದ ವರ್ಷ ಕೇಳಿ ತಲೆಗೊಂದು ಪ್ರಾಣಿ ಹಂಚಿಬಿಟ್ಟರು. ಸಾಹೇಬರಿಗೆ ಹುಲಿ ಬಂತು. ಅಂದಿನಿಂದ ಅವರು ಕೆಮ್ಮುವುದೇ ಬೇರೆಯಾಯಿತು. ಎಪ್ಪತ್ತೊಂದರಲ್ಲಿ ಹುಟ್ಟಿದ ಗುಮಾಸ್ತ ಚಂದ್ರಶಾನಿಗೆ ಬಂದದ್ದು ಹಂದಿ.

ಆ ಶನಿವಾರ ಮಧ್ಯಾಹ್ನ ಅವನು ಕಮಲಾಪುರಕ್ಕೆ ಹೆಣ್ಣು ನೋಡಲು ಹೋಗುವವನಿದ್ದ. ಹುಡುಗಿ ಮಲ್ಕಮ್ಮ, ಇದೇ ಕಚೇರಿಯಿಂದ ನಿವೃತ್ತರಾದ ಜಗದೇವಪ್ಪನವರ ಮಗಳು. ಸಂಬಂಧ ತಂದವರೂ, ಜೊತೆಗೆ ಹೊರಟವರೂ ಸಾವಿತ್ರಿಬಾಯಿಯೇ. ಈಗಾಗಲೇ ಏಳು ಮನೆಯ ಉಪ್ಪಿಟ್ಟು ತಿಂದು ಬರಿಗೈಲಿ ಮರಳಿದ್ದ ಚಂದ್ರಶಾ, ಈ ಫೋಟೋ ನೋಡಿದಾಗಿನಿಂದ ಮೊಹರಿನ ಬದಲು ಬೆರಳನ್ನೇ ಮಸಿಯ ಪ್ಯಾಡಿಗೆ ಒತ್ತುತ್ತಿದ್ದ.

ಹೊರಡುವ ಹೊತ್ತಿಗೆ ಸಾವಿತ್ರಿಬಾಯಿ ಹಣೆ ಬಡಿದುಕೊಂಡರು. “ಅಯ್ಯ ಚಂದ್ರಶಾ! ಹುಡುಗಿ ಎಪ್ಪತ್ತೇಳು, ಹಾವು! ಹಾವಿಗೂ ಹಂದಿಗೂ ಬಿಲ್ಕುಲ್ ಆಗಿಬರಂಗಿಲ್ಲ ಅಂತ ಬರದದ.”

“ನಾವೇನು ಚೀನಾದವ್ರೇನ್ರಿ ಬಾಯಿ?”

“ಚೀನಾದವ್ರಿಗೇ ಆಗಿಬರಲಾರದ್ದು ನಿನಗ ಹ್ಯಾಂಗ ಆಗಿಬರ್ತದ?”

ಚಂದ್ರಶಾ ಪುಸ್ತಕದೊಳಗೆ ಇಣುಕಿದ. “ಮತ್ತ ಹಾವಿಗೆ ಏನು ಆಗಿಬರ್ತದ?”

“ಎತ್ತು. ಎಪ್ಪತ್ಮೂರು. ಎರಡೇ ವರ್ಷದ ಮಾತು. ಶಾಲ್ಯಾಗ ಮಾಸ್ತರ ವಯಸ್ಸು ಏರಿಸಿ ಬರದಾನ ಅಂದುಬಿಡು. ಯಾರು ಇಲ್ಲ ಅಂತಾರ?”

ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಜೀವ ಅವನದು. ಬಸ್ಸಿನಲ್ಲಿ ಕಣ್ಣು ಮುಚ್ಚಿ ಉರು ಹೊಡೆಯತೊಡಗಿದ: “ನಾ ಎತ್ತು ರೀ. ನಾ ಎತ್ತು.”

ಪಕ್ಕದಲ್ಲಿ ನಿಂತಿದ್ದ ಕಂಡಕ್ಟರು, “ಎತ್ತಾದ್ರೂ ಟಿಕೇಟ್ ತಗೋಬೇಕ್ರಿ” ಎಂದ. ಇಡೀ ಬಸ್ಸು ನಕ್ಕಿತು.

ಕಮಲಾಪುರದಲ್ಲಿ ಜಗದೇವಪ್ಪನವರು ಕೆಂಪು ಬಾಳೆಹಣ್ಣು ಮುಂದಿಟ್ಟು ಉಪಚರಿಸಿದರು. ಮಲ್ಕಮ್ಮ ಚಹಾ ತಂದಳು. ಕಪ್ಪು ಕೊಡುವಾಗ ಅವನನ್ನು ನೋಡಿ ನಕ್ಕಳು. ಏಳು ಮನೆಗಳಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ಚಂದ್ರಶಾನ ಎದೆ ಡೊಳ್ಳಾಯಿತು. ಇನ್ನು ತಡಮಾಡಿದರೆ ಕೆಲಸ ಕೆಡುತ್ತದೆಂದು, ಯಾರೂ ಕೇಳುವ ಮೊದಲೇ ಒದರಿಬಿಟ್ಟ: “ನಾ ಖರೇ ಹುಟ್ಟಿದ್ದು ಎಪ್ಪತ್ಮೂರು ರೀ! ಎಪ್ಪತ್ತೊಂದು ಅನ್ನೋದು ಮಾಸ್ತರ ಬರದದ್ದು.”

ಮಲ್ಕಮ್ಮನ ನಗು ಆರಿಹೋಯಿತು.

“ಅಂದ್ರ ಎತ್ತು!” ಸಾವಿತ್ರಿಬಾಯಿ ಉಬ್ಬಿ ಹೇಳಿದರು. “ನಿಮ್ಮ ಹಾವಿಗೆ ಹೇಳಿ ಮಾಡಿಸಿದ ಜೋಡಿ.”

“ಹಾವು ಯಾರ್ರಿ?” ಎಂದು ಮಲ್ಕಮ್ಮ ಒಳಗೆ ಹೋಗಿ ಒಂದು ಪುಸ್ತಕ ತಂದಳು. ಅದೇ ಪುಸ್ತಕ, ಅದೇ ಫಕ್ರುದ್ದೀನನ ಅಂಗಡಿಯ ಮೊಹರು. “ಖೊಟ್ಟಿ ತಾರೀಖು ನಂದು. ಲಗೂ ಶಾಲಿಗೆ ಹಾಕಬೇಕಂತ ಅಪ್ಪ ಎರಡು ವರ್ಷ ಏರಿಸಿ ಬರೆಸ್ಯಾನ. ನಾ ಎಪ್ಪತ್ತೊಂಬತ್ತು, ಆಡು. ಆಡಿಗೆ ಹಂದಿನೇ ಆಗಬೇಕಂತ, ಬಂದ ನಾಕು ವರ ಬಿಟ್ಟು, ಅಪ್ಪನ ಕಚೇರ್ಯಾಗ ಎಪ್ಪತ್ತೊಂದು ಅಂತ ಬರದಿದ್ದ ನಿಮ್ಮನ್ನ ಕರೆಸಿದ್ವಿ. ಎತ್ತು ಅಂದ್ರ ಆಡಿಗೆ ಒಂದು ದಿನನೂ ಕೂಡಂಗಿಲ್ಲ.”

ಚಂದ್ರಶಾ ಕುರ್ಚಿಯಿಂದ ಪುಟಿದೆದ್ದ. “ಇಲ್ರೀ! ನಾ ಹಂದಿನೇ! ನಮ್ಮವ್ವನಾಣಿ, ಹುಟ್ಟಿದಾಗಿಂದ ಹಂದಿನೇ ಇದ್ದೀನಿ!”

ಬೀದಿಯಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ಇಣುಕಿದರು. ಸಾವಿತ್ರಿಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮಗಳಿಗೆ ಎರಡು ವರ್ಷ ಏರಿಸಿ ಬರೆಸಿದ್ದ ಜಗದೇವಪ್ಪನವರು ಮಾತ್ರ ಬಹಳ ನೊಂದವರಂತೆ ಎದ್ದು, ಅವನ ಹೆಗಲ ಮೇಲೆ ಕೈಯಿಟ್ಟು ಬಾಗಿಲವರೆಗೂ ನಡೆಸಿಕೊಂಡು ಬಂದರು.

“ತಮ್ಮಾ, ಹಂದಿಗೆ ಮಗಳನ್ನ ಕೊಡ್ಲಾಕ ನನಗೇನೂ ತಕರಾರಿದ್ದಿಲ್ಲ. ಒಂದು ಕಪ್ಪು ಚಾ ಕುಡಿಯೂದ್ರಾಗ ಎರಡು ಸಲ ಹುಟ್ಟಿದವ್ಗ ಹ್ಯಾಂಗ ಕೊಡ್ಲಿ?”